ಚುಕ್ಕಿ ಎಲೆಯ ತಾಂಬೂಲ

ಬಹಳ ಹಿಂದೆ, ಹೊಳೆಗಳಿಗೂ ಮಾತು ಕೊಟ್ಟು ಗೊತ್ತಿದ್ದ ಕಾಲದಲ್ಲಿ, ಬಳ್ಳಿಸೀಮೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕೋಟೆಯಿತ್ತು, ಕೋಟೆಬಾಗಿಲಿಗೆ ಅಗುಳಿ ಇರಲಿಲ್ಲ. ಅರಸನಿದ್ದ, ಅರಸನಿಗೆ ಸೈನ್ಯವಿರಲಿಲ್ಲ. ಯಾಕೆಂದರೆ ಆ ಸೀಮೆಯ ವೀಳ್ಯದೆಲೆ ಹಿಡಿದು ಆಡಿದ ಮಾತನ್ನು ಮುರಿಯಲು ಯಾರಿಗೂ ಬರುತ್ತಿರಲಿಲ್ಲ. "ನಾಳೆ ಬರುತ್ತೇನೆ" ಎಂದು ತಾಂಬೂಲ ತೆಗೆದುಕೊಂಡ ಅಳಿಯ, ಮನಸ್ಸಿಲ್ಲದಿದ್ದರೂ ನಾಳೆ ಹೊತ್ತಿಗೆ ಮಾವನ ಮನೆಯ ಜಗಲಿಯ ಮೇಲಿರುತ್ತಿದ್ದ. ಅವನ ಕಾಲೇ ಅವನನ್ನು ಎತ್ತಿ ತಂದು ಕೂರಿಸುತ್ತಿತ್ತು. ದಡ ಮೀರುವುದಿಲ್ಲವೆಂದು ಹೊಳೆ ತಾಂಬೂಲ ತೆಗೆದುಕೊಂಡಿತ್ತು. ಹಳ್ಳ ದಾಟುವುದಿಲ್ಲವೆಂದು ಹುಲಿ ತೆಗೆದುಕೊಂಡಿತ್ತು. ಹುಲಿ ಅಡಿಕೆಯನ್ನು ಉಗಿದು ಎಲೆಯನ್ನಷ್ಟೇ ನುಂಗಿತಂತೆ. ಮಾತಿಗೆ ಅಷ್ಟು ಸಾಕಾಯಿತು.

ಆ ಎಲೆಗಳೆಲ್ಲ ಬರುತ್ತಿದ್ದುದು ಅರಮನೆಯ ಹಿಂದಿನ ಎಲೆಮನೆಯಿಂದ. ಹೆಸರಿಗೆ ಮನೆ, ಇದ್ದದ್ದು ತೋಟ. ಸಾವಿರ ಅಗಸೆ ಮರ, ಮರಕ್ಕೊಂದು ಬಳ್ಳಿ, ನಟ್ಟನಡುವೆ ಹಾಲುವಾಣದ ಮರಕ್ಕೆ ಹಬ್ಬಿದ ತಾಯಿಬಳ್ಳಿ. ಮಿಕ್ಕವೆಲ್ಲ ಅದರ ಕುಡಿಯಿಂದಲೇ ಹುಟ್ಟಿದವು. ಎಲೆಮನೆಯ ಹೆಂಗಸರು ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು, ಮುಂಜಾನೆ ಎಲೆ ತೊಳೆದು, ಕೊಯ್ದು, ಆರಿಸಿ, ಕಟ್ಟು ಕಟ್ಟುತ್ತಿದ್ದರು. ಅವರಿಗಿದ್ದ ಕಟ್ಟಳೆ ಒಂದೇ: ಎಲೆಯ ಮೇಲೆ ಚುಕ್ಕಿ ಇರಕೂಡದು. ಸಾಸಿವೆಯಷ್ಟು ಚುಕ್ಕಿ ಕಂಡರೂ ಆ ಎಲೆಯನ್ನು ಚಿವುಟಬೇಕು. ಅದೇ ಬಳ್ಳಿಯಲ್ಲಿ ಮತ್ತೊಂದು ಕಂಡರೆ ಬಳ್ಳಿಯನ್ನೇ ಕೀಳಬೇಕು. ಮಾತು ಕೊಡುವ ಎಲೆ ಮಚ್ಚೆಯಿಲ್ಲದ ಮುಖದ ಹಾಗಿರಬೇಕು ಎಂದು ಏಳು ತಲೆಮಾರಿನ ಹಿಂದೆ ಯಾರೋ ಒಬ್ಬ ಅರಸ ಹೇಳಿದ್ದನಂತೆ. ಅರಸರು ಏನಾದರೂ ಹೇಳುತ್ತಲೇ ಇರುತ್ತಾರೆ. ಕೇಳಿಸಿಕೊಂಡವರು ಏಳು ತಲೆಮಾರು ಚಿವುಟಿದರು.

ಎಲೆಮನೆಯ ಯಜಮಾನಿ ಕೆಂಪಾಜಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹೊನ್ನಾಜಿ, ಚಿಕ್ಕವಳು ಮಲ್ಲಾಜಿ. ಹೊನ್ನಾಜಿಯ ಕೈಗೆ ಎಲೆ ತಾನಾಗಿ ಬಂದು ಬೀಳುತ್ತಿತ್ತು. ಮಲ್ಲಾಜಿಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಏಣಿ ಹತ್ತಿಸಿದರೆ ಎಲೆ ಕೊಯ್ಯುವುದು ಬಿಟ್ಟು ದೂರದ ದಾರಿ ನೋಡುತ್ತ ನಿಲ್ಲುವ ಹುಡುಗಿ ಅವಳು. ಕೆಂಪಾಜಿ ಇಬ್ಬರನ್ನೂ ಒಂದೇ ಸಮನಾಗಿ ಬೈಯುತ್ತಿದ್ದಳು. ಯಾರನ್ನೂ ಹೊಗಳಿದವಳಲ್ಲ. ಹೊನ್ನಾಜಿ ಕಟ್ಟಿದ ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೂಂ, ಕತ್ತೆ ಮೇಯೋದಕ್ಕೆ ಅಡ್ಡಿಯಿಲ್ಲ" ಎಂದರೆ ಅವತ್ತು ಹಬ್ಬ.

ಮಲ್ಲಾಜಿಗೆ ಹದಿನಾರು ತುಂಬಿದ ವರ್ಷ ಮಳೆ ಬಿಡಲಿಲ್ಲ. ತೋಟದ ಮೂಲೆಯಲ್ಲಿ ನಲವತ್ತು ಬಳ್ಳಿ ಬುಡದಿಂದ ಕೊಳೆತು ಮಲಗಿದವು. ಅವುಗಳ ನಡುವೆ ಒಂದೇ ಒಂದು ಬಳ್ಳಿ ನೆಟ್ಟಗೆ ನಿಂತಿತ್ತು. ಅದರ ಎಲೆಯ ತುಂಬ ಕಂದು ಚುಕ್ಕಿ. ಹತ್ತಿರ ಹೋದರೆ ಓಮ ಜಜ್ಜಿದ ಹಾಗೆ ಘಾಟು ವಾಸನೆ. ಮಲ್ಲಾಜಿ ಅವ್ವನನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದಳು.

"ನೋಡವ್ವ, ಚೊಕ್ಕಟವಾಗಿದ್ದವೆಲ್ಲ ಸತ್ತವು. ಚುಕ್ಕಿ ಇರೋದು ಬದುಕಿದೆ."

"ಹೌದೇನು? ಹಾಗಾದರೆ ಅರಸರಿಗೆ ಚುಕ್ಕಿ ಎಲೇನೇ ಕೊಡೋಣ. ಜೊತೆಗೆ ನನ್ನ ಮುಖದ ನರಿಗೆಗಳನ್ನೂ ಕಟ್ಟಿ ಕೊಡ್ತೀನಿ. ಕೀಳು ಅದನ್ನ."

ಮಲ್ಲಾಜಿ ಕಿತ್ತಳು. ಕೀಳುವಾಗ ಎರಡು ಗೆಣ್ಣಿನಷ್ಟು ಕುಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತೆಂಗಿನ ಚಿಪ್ಪಿನಲ್ಲಿಟ್ಟು, ತಾನೂ ಅಕ್ಕನೂ ಮಲಗುವ ಮಂಚದ ಕೆಳಗೆ ಬಚ್ಚಿಟ್ಟಳು. ನಾಲ್ಕನೇ ದಿನ ಹೊನ್ನಾಜಿಗೆ ಓಮದ ವಾಸನೆ ಬಡಿಯಿತು. ಅವಳು ಅವ್ವನಿಗೆ ಹೇಳಿದಳು. ಅವ್ವ ಅರಮನೆಗೆ ಹೇಳಬೇಕಾಯಿತು.

ಚುಕ್ಕಿಬಳ್ಳಿ ಸಾಕಿದವರಿಗೆ ಸೀಮೆಯಲ್ಲಿ ಜಾಗವಿರಲಿಲ್ಲ. ಕೆಂಪಾಜಿಯೇ ಮಗಳ ಕೈಗೆ ತಾಂಬೂಲ ಕೊಟ್ಟಳು. "ಎಲೆಮನೆ ಬಾ ಎಂದು ಕರೆಯುವ ತನಕ ಈ ನೆಲದ ಮೇಲೆ ಕಾಲಿಡೆನು" ಎಂದು ಮಲ್ಲಾಜಿ ಹೇಳಿದಳು, ಎಲೆ ಅಗಿದಳು, ಅವಳ ಕಾಲು ಅವಳನ್ನು ಎತ್ತಿಕೊಂಡು ಹೊರಟೇ ಹೋಯಿತು. ತಿರುಗಿ ನೋಡುವುದಕ್ಕೂ ಬಿಡಲಿಲ್ಲ. ಅದೇ ಮುಂಜಾನೆ, ತಂಗಿ ಹೊರಡುವ ಮೊದಲು, ಹೊನ್ನಾಜಿ ಮುಂದಿನ ಯಜಮಾನಿಯಾಗಿ ಮಾತು ಕೊಟ್ಟಿದ್ದಳು. ಯಜಮಾನಿಯ ಮಾತಿಗೆ ಎಲೆ ಕೊಯ್ಯುವ ಹಾಗಿಲ್ಲ. ತಾಯಿಬಳ್ಳಿಯ ಮೇಲಿರುವ ಜೀವಂತ ಎಲೆಯನ್ನು ಹಿಡಿದು ಹೇಳಬೇಕು: "ಈ ಬಳ್ಳಿಯ ಉಸಿರೇ ನನ್ನ ಉಸಿರು." ಕೊಯ್ದ ಎಲೆಯ ಮಾತು ಎಂದಾದರೂ ಸಡಿಲವಾದೀತು, ಕೊಯ್ಯದ ಎಲೆಯ ಮಾತು ಸಡಿಲವಾಗುವುದಿಲ್ಲ ಎಂದು ಎಲೆಮನೆಯ ಹೆಂಗಸರು ಹೇಳುತ್ತಿದ್ದರು. ಹಾಗೆಂದರೇನೆಂದು ಯಾರಿಗೂ ಗೊತ್ತಿರಲಿಲ್ಲ, ಎಂದೂ ಸಡಿಲವಾಗಿರಲಿಲ್ಲವಲ್ಲ.

ಇಪ್ಪತ್ತೆರಡು ವರ್ಷ ಮಲ್ಲಾಜಿ ಊರೂರು ಸುತ್ತಿದಳು. ಮೋಡವನ್ನು ಚೀಲದಲ್ಲಿ ತುಂಬಿ ಮಾರುವ ಊರು ಕಂಡಳು. ಮೀನುಗಳು ಸಂಜೆ ದಡಕ್ಕೆ ಬಂದು ಹರಟೆ ಹೊಡೆಯುವ ರೇವು ಕಂಡಳು. ಮೂರು ತಲೆಯ ಅರಸನ ಆಸ್ಥಾನದಲ್ಲಿ ಮೂರೂ ತಲೆಗೆ ಬೇರೆ ಬೇರೆ ಚಟ್ನಿ ಅರೆದಳು. ಆರು ಭಾಷೆಯಲ್ಲಿ ಚೌಕಾಸಿ ಮಾಡಲು ಕಲಿತಳು, ಎಂಟು ಭಾಷೆಯಲ್ಲಿ ಬೈಯಲು ಕಲಿತಳು. ಎಲ್ಲಿ ಹೋದರೂ ಸೊಂಟದ ಮೇಲೆ ಒಂದು ಮಣ್ಣಿನ ಕುಡಿಕೆ, ಅದರಲ್ಲಿ ಅವಳ ಜೊತೆಗೇ ಗಡೀಪಾರಾದ ಚುಕ್ಕಿಬಳ್ಳಿ. ಮರ ಹತ್ತಿಸುವಷ್ಟು ಕಾಲ ಅವಳು ಎಲ್ಲೂ ನಿಲ್ಲದ್ದರಿಂದ ಅದು ಅವಳ ಭುಜಕ್ಕೇ ಹಬ್ಬಿಕೊಂಡಿತ್ತು. ಊರೂರಿನ ಬೇನೆ ಅದನ್ನು ಮುಟ್ಟಿ ನೋಡಿತ್ತು, ಮುಟ್ಟಿದಲ್ಲೆಲ್ಲ ಒಂದು ಚುಕ್ಕಿ ಬಿಟ್ಟು ಹೋಗಿತ್ತು. ಮಲ್ಲಾಜಿಗೂ ಚುಕ್ಕಿಗಳಿದ್ದವು. ಹಡಗಿನ ಹಗ್ಗದ ಗಾಯ ಒಂದು, ಬಿಸಿ ಎಣ್ಣೆಯದು ಒಂದು, ಮದುವೆಯಾಗುತ್ತೇನೆಂದು ಹೇಳಿ ದೋಣಿ ಹತ್ತಿದವನದು ಒಂದು. ಕೊನೆಯದು ಹೊರಗೆ ಕಾಣುವಂಥದ್ದಲ್ಲ.

ಅವಳಿಗೆ ಅಳು ಬರುತ್ತಿದ್ದುದು ದೊಡ್ಡ ಸಂಗತಿಗಳಿಗಲ್ಲ. ಯಾರೋ ಒದ್ದೆ ಎಲೆ ಕೊಡವಿದ ಸದ್ದು ಕೇಳಿದರೆ ಸಾಕು, ಎಲೆಮನೆಯ ಮುಂಜಾನೆ ಕಣ್ಣೆದುರು ನಿಲ್ಲುತ್ತಿತ್ತು. ಸಾವಿರ ಬಳ್ಳಿ ತೊಳೆದ ನೀರು ಕಾಲುವೆಯಾಗಿ ಹರಿಯುವುದು, ಹೆಂಗಸರ ಕಬ್ಬಿಣದ ಉಗುರು ಟಿಕ್ ಟಿಕ್ ಎನ್ನುವುದು, ಅವ್ವ ಪದವಿಲ್ಲದ ಒಂದು ಹಾಡನ್ನು ಮೂಗಿನಲ್ಲೇ ಗುನುಗುವುದು, ಅಕ್ಕ ಕದ್ದು ತಂದ ಎಳೆ ಎಲೆಯಲ್ಲಿ ಬೆಲ್ಲ ಸುತ್ತಿ ಅರ್ಧ ಕಚ್ಚಿ ಅರ್ಧ ಕೊಡುವುದು. ಆ ಅರ್ಧ ಯಾವಾಗಲೂ ಚಿಕ್ಕದೇ ಇರುತ್ತಿತ್ತು. ಆಗೆಲ್ಲ ಅವಳ ಮನಸ್ಸು ಊರ ಕಡೆ ತಿರುಗುತ್ತಿತ್ತು. ಕಾಲು ಮಾತ್ರ ಇನ್ನೊಂದು ಕಡೆಗೆ ನಡೆಯುತ್ತಿತ್ತು.

ಒಂದು ಬೆಳಗ್ಗೆ ಉಪ್ಪಿನ ರೇವಿನಲ್ಲಿ ಹಡಗು ಹತ್ತಲು ಹೊರಟವಳ ಕಾಲು ಏಣಿಯ ಬಳಿ ನಿಂತುಬಿಟ್ಟಿತು. ಹೆಬ್ಬೆರಳು ಮೆಲ್ಲಗೆ ಹೊರಳಿತು. ಆಮೇಲೆ ಇಡೀ ಪಾದ ಹೊರಳಿತು. ಬಳ್ಳಿಸೀಮೆಯ ದಿಕ್ಕಿಗೆ.

ಮಲ್ಲಾಜಿ ಲೆಕ್ಕ ಹಾಕಿದಳು. ಯಾರೂ ಬಾ ಎಂದು ಕರೆದಿಲ್ಲ, ಆದರೂ ಕಾಲು ತಿರುಗಿದೆ. ಅಂದರೆ ಮಾತು ಸಡಿಲವಾಗಿದೆ. ಎಲೆಯ ಮಾತುಗಳಿಗೆಲ್ಲ ಬಲ ಬರುವುದು ತಾಯಿಬಳ್ಳಿಯಿಂದ. ಮಾತು ಸಡಿಲವಾಗಿದೆಯೆಂದರೆ ತಾಯಿಬಳ್ಳಿ ಸಾಯುತ್ತಿದೆ. ತಾಯಿಬಳ್ಳಿ ಸತ್ತರೆ ಅಕ್ಕ ಸಾಯುತ್ತಾಳೆ.

ತನ್ನ ಮೇಲೆ ಚಾಡಿ ಹೇಳಿದ ಅಕ್ಕ. "ಸಾಯಲಿ" ಎಂದು ಎಂಟು ಭಾಷೆಯಲ್ಲಿ ಅಂದುಕೊಂಡಿದ್ದಳು, ಇಪ್ಪತ್ತೆರಡು ವರ್ಷ. ಈಗ ಒಂದರಲ್ಲೂ ಆ ಮಾತು ಬಾಯಿಗೆ ಬರಲಿಲ್ಲ. ಕುಡಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಿದಳು.

ಗಡಿಯ ಹಳ್ಳದ ಊರ ಕಡೆಯ ದಡದಲ್ಲಿ ಹುಲಿ ಕೂತಿತ್ತು, ಇಲ್ಲಿರಬೇಕೋ ಬೇಡವೋ ಎಂದು ಅದಕ್ಕೇ ಅನುಮಾನವಿದ್ದ ಹಾಗೆ. ಹೊಳೆ ದಡ ಮೀರಿ ಯಾರದೋ ಹಿತ್ತಲಿನ ಒರಳನ್ನು ಸುತ್ತಿಕೊಂಡು ಆಡುತ್ತಿತ್ತು. ಅಳಿಯಂದಿರು ಯಾರೂ ಜಗಲಿಯ ಮೇಲಿರಲಿಲ್ಲ. ಕೋಟೆಬಾಗಿಲಿಗೆ ಬಡಗಿಯೊಬ್ಬ ಅಗುಳಿ ಕೂರಿಸುತ್ತಿದ್ದ. ಹಿಂದೆಂದೂ ಅಗುಳಿ ಮಾಡಿ ಗೊತ್ತಿಲ್ಲದ್ದರಿಂದ ಅದನ್ನು ಹೊರಗಡೆಗೆ ಕೂರಿಸುತ್ತಿದ್ದ.

"ಏನಾಯಿತಣ್ಣ ಊರಿಗೆ?"

"ಕೊಳೆರಾಯ ಬಂದವನೆ, ತಾಯಿ. ಮಾಯಾವಿ. ಅವನಿಗೆ ತನ್ನದು ಅಂತ ಕಾಲಿಲ್ಲವಂತೆ. ಗಾಳಿಯ ಕಾಲಲ್ಲಿ ಬರ್ತಾನೆ, ನೀರಿನ ಕಾಲಲ್ಲಿ ಬರ್ತಾನೆ, ಕೊನೆಗೆ ನಮ್ಮವರ ಮುಖ ಹಾಕ್ಕೊಂಡು ಬರ್ತಾನೆ. ಎಲೆಮನೇಲಿ ಸಾವಿರಕ್ಕೆ ಒಂದು ಉಳಿದೈತೆ."

ಆ ಒಂದು ತಾಯಿಬಳ್ಳಿ. ಎಲೆಮನೆಯ ಬಿದಿರು ತಡಿಕೆ ಸರಿಸಿ ಮಲ್ಲಾಜಿ ಒಳಗೆ ಬಂದಾಗ ಸಾವಿರ ಅಗಸೆ ಮರಗಳು ಬತ್ತಲೆ ನಿಂತಿದ್ದವು. ಹಾಲುವಾಣದ ಬುಡದಲ್ಲಿ, ಹಳದಿ ತಿರುಗಿದ ಮುಖದ ಒಬ್ಬ ಹೆಂಗಸು ಒದ್ದೆ ಬಟ್ಟೆ ಹಿಡಿದು ಎಲೆ ಒರೆಸುತ್ತ ಕೂತಿದ್ದಳು. ಕೂದಲು ಅರ್ಧ ನೆರೆತಿತ್ತು. ಹೆಬ್ಬೆರಳಿನಲ್ಲಿ ಅವ್ವನ ಕಬ್ಬಿಣದ ಉಗುರು.

ಹೊನ್ನಾಜಿ ತಲೆಯೆತ್ತಿದಳು. ತಂಗಿಯನ್ನು ನೋಡಿದಳು. ತಂಗಿಯ ಭುಜಕ್ಕೆ ಹಬ್ಬಿದ್ದನ್ನು ನೋಡಿದಳು. ಮೂಗು ಅರಳಿತು.

"ಇನ್ನೂ ಅದೇ ನಾತ" ಎಂದಳು. "ಮೊದಲು ಕಾಲು ತೊಳ್ಕೊ. ಇಪ್ಪತ್ತೆರಡು ವರ್ಷದ ಧೂಳು ಮೆತ್ತಿದೆ."

"ಅವ್ವ?"

"ಹೋಗಿ ಒಂಬತ್ತು ವರ್ಷ ಆಯಿತು. ಹೋಗುವಾಗಲೂ ನಾನು ಕಟ್ಟಿದ ಚಟ್ಟ ಸಡಿಲ ಅಂದಳು."

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಹೊನ್ನಾಜಿ ಕೆಮ್ಮಿದಳು, ಕೆಮ್ಮಿದಾಗ ತಾಯಿಬಳ್ಳಿಯಿಂದ ಒಂದು ಎಲೆ ಕಳಚಿ ಬಿತ್ತು. ಮಲ್ಲಾಜಿ ಕುಡಿಕೆಯನ್ನು ಒಡೆದು, ಚುಕ್ಕಿಬಳ್ಳಿಯನ್ನು ತಾಯಿಬಳ್ಳಿಯ ಪಕ್ಕದಲ್ಲೇ ನೆಟ್ಟು, ಬಾಳೆನಾರಿನಿಂದ ಅದೇ ಮರಕ್ಕೆ ಕಟ್ಟಿದಳು. ಭುಜ ಹಗುರಾಗಿ ಅವಳಿಗೆ ಏನೋ ಕಳೆದುಕೊಂಡಂತಾಯಿತು.

"ಅಕ್ಕ, ನಾನು ಹೇಳಿದ್ದನ್ನ ಮೂರು ದಿನ ಕೇಳ್ತೀಯಾ?"

"ಸಾಯೋಳಿಗೆ ಯಾರು ಹೇಳಿದರೇನು. ಹೇಳು."

ಮೊದಲನೇ ದಿನ ಬೆಳಗ್ಗೆ ಕೊಳೆರಾಯ ಗಾಳಿಯ ಕಾಲಲ್ಲಿ ಬಂದ. ಬೂದಿ ಬಣ್ಣದ ಮಂಜು ತಡಿಕೆಯ ಸಂದಿಯಿಂದ ನುಗ್ಗಿತು. ಹೊನ್ನಾಜಿ ರೂಢಿಯಂತೆ ನೀರಿನ ಕೊಡ ಎತ್ತಿಕೊಂಡಳು, ಎಲೆ ತೊಳೆಯಲು.

"ಕೈ ಕಟ್ಟು, ಅಕ್ಕ."

"ತೊಳೆಯದಿದ್ದರೆ ಎಲೆ ಮಂಕಾಗ್ತದೆ ಕಣೇ!"

"ಮಂಕಾಗಲಿ. ನೀನು ತೊಳೆದಾಗೆಲ್ಲ ಅದು ಬಾಯಿ ಬಿಡ್ತದೆ. ಬಿಟ್ಟ ಬಾಯಿಗೇ ಅವನು ಕಾಯ್ತಿರೋದು."

ಎಲೆಗೆ ಬಾಯಿಗಳಿವೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು, ಒಂದೊಂದು ಎಲೆಗೂ ಸಾವಿರ ಸಾವಿರ. ಮಂಜು ಮುಟ್ಟಿದ್ದೇ ತಡ, ಚುಕ್ಕಿಬಳ್ಳಿ ತನ್ನ ಬಾಯಿಗಳನ್ನೆಲ್ಲ ಮುಚ್ಚಿಕೊಂಡಿತು. ಗಲಭೆಯ ದಿನ ಪೇಟೆಯ ಅಂಗಡಿಗಳು ಮುಚ್ಚುವ ಹಾಗೆ, ಟಪ್, ಟಪ್, ಟಪ್. ಮುಚ್ಚುತ್ತಲೇ ಓಮದ ಘಾಟನ್ನು ಗಾಳಿಗೆ ಬಿಟ್ಟಿತು. ಆ ವಾಸನೆ ತಾಯಿಬಳ್ಳಿಯನ್ನು ಮುಟ್ಟಿತು. ನಿದ್ದೆಯಿಂದ ಎದ್ದ ಮುದುಕಿಯ ಹಾಗೆ ತಾಯಿಬಳ್ಳಿ ಒಮ್ಮೆ ಮೈಕೊಡವಿತು. ಆಮೇಲೆ ಅದೂ ಮುಚ್ಚತೊಡಗಿತು. ಒಂದು ಬಾಯಿ, ಹತ್ತು ಬಾಯಿ, ಸಾವಿರ ಬಾಯಿ.

ಮಂಜು ಎಲೆಯಿಂದ ಎಲೆಗೆ ಬಾಗಿಲು ತಟ್ಟಿ ತಟ್ಟಿ, ಬಿಸಿಲೇರಿದಾಗ ಬೈದುಕೊಂಡು ಹೋಯಿತು. ಆ ದಿನ ತಾಯಿಬಳ್ಳಿಯ ಒಂದು ಎಲೆಯೂ ಉದುರಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊನ್ನಾಜಿ ಎರಡು ತುತ್ತು ಹೆಚ್ಚು ಉಂಡಳು.

ಎರಡನೇ ದಿನ ಮಧ್ಯಾಹ್ನ ಕೊಳೆರಾಯ ನೀರಿನ ಕಾಲಲ್ಲಿ ಬಂದ. ಮೋಡವಿಲ್ಲದ ಆಕಾಶದಿಂದ ಮಳೆ ಸುರಿಯಿತು. ಕಪ್ಪು ನೀರು ಬುಡಕ್ಕೆ ಬಂದು ನಿಂತು, ಬಳ್ಳಿಯ ಕಾಂಡವನ್ನು ಬೆರಳುಗಳಂತೆ ಹಿಡಿದು ಮೇಲೆ ಹತ್ತತೊಡಗಿತು. ಚುಕ್ಕಿಬಳ್ಳಿ ಗೆಣ್ಣು ಗೆಣ್ಣಿನಲ್ಲೂ ಅಂಟು ಸುರಿಸಿತು, ಮೈಯನ್ನು ಒರಟು ಮಾಡಿಕೊಂಡಿತು, ಒಳಗಿನ ರಸವನ್ನು ಕಹಿ ಮಾಡಿಕೊಂಡಿತು. ಘಾಟು ಮತ್ತೆ ಎದ್ದಿತು. ತಾಯಿಬಳ್ಳಿ ಅದನ್ನು ನೋಡಿ ಕಲಿತಂತೆ ತನ್ನ ನುಣುಪು ಕಾಂಡದ ಮೇಲೆ ಕಂದು ಹಕ್ಕಳೆ ಕಟ್ಟಿಕೊಳ್ಳತೊಡಗಿತು.

ಹೊನ್ನಾಜಿ ಬಳ್ಳಿಯ ಹತ್ತಿರಕ್ಕೆ ಸರಿದಳು. ಹಕ್ಕಳೆ ಕಂಡರೆ ಉಗುರಿನಿಂದ ಕೆರೆದು ನುಣುಪು ಮಾಡುವುದು ಎಲೆಮನೆಯ ಹೆಂಗಸರು ಮೊದಲು ಕಲಿಯುವ ಕೆಲಸ. ಅವಳ ಹೆಬ್ಬೆರಳು ತಾನಾಗಿ ಮುಂದೆ ಹೋಯಿತು.

"ಕೈ ಕಟ್ಟು, ಅಕ್ಕ."

"ಆನೆ ಚರ್ಮದ ಹಾಗೆ ಆಗ್ತಿದೆಯಲ್ಲೇ ನನ್ನ ಬಳ್ಳಿ!"

"ಆನೆಗೆ ಯಾವತ್ತಾದರೂ ಕೊಳೆರೋಗ ಬಂದದ್ದು ಕಂಡಿದ್ದೀಯಾ?"

"ನಾನು ಆನೆ ಕಂಡಿದ್ದೇ ಎರಡು ಸಲ. ನೀನು ಊರೂರು ತಿರುಗಿದವಳು, ನೀನೇ ಹೇಳು."

ಮಾತು ಸಾಗಿತು. ಆನೆಯಿಂದ ಮೂರು ತಲೆಯ ಅರಸನಿಗೆ ಹೋಯಿತು, ಅವನ ಮೂರನೇ ತಲೆಗೆ ಹುಣಸೆ ಸೇರದಿದ್ದುದಕ್ಕೆ ಹೋಯಿತು, ಅಲ್ಲಿಂದ ಬೆಲ್ಲ ಸುತ್ತಿದ ಎಳೆ ಎಲೆಗೆ ಬಂತು. "ಅರ್ಧ ಅಂತ ಹೇಳಿ ಕಾಲು ಭಾಗ ಕೊಡ್ತಿದ್ದೆ ನೀನು" ಎಂದಳು ಮಲ್ಲಾಜಿ. "ನೀನು ಎಣಿಸ್ತಿದ್ದೆ ಅಂತ ಗೊತ್ತಿದ್ದರೆ ಅಷ್ಟೂ ಕೊಡ್ತಿರಲಿಲ್ಲ" ಎಂದಳು ಹೊನ್ನಾಜಿ. ಮಾತಿನ ನಡುವೆ ಕೈ ಕೆರೆಯುವುದನ್ನು ಮರೆಯಿತು. ಕಪ್ಪು ನೀರು ಅಂಟಿನಲ್ಲಿ ಜಾರಿ ಜಾರಿ, ಕಹಿಯನ್ನು ಉಗಿದು, ಇಳಿದು ಹೋಯಿತು. ಹೊನ್ನಾಜಿಯ ಕೆನ್ನೆಯ ಹಳದಿ ಅರ್ಧ ಕರಗಿತು.

ಆದರೆ ಅವಳ ಬಾಯಿಂದ ಒಂದು ಮಾತು ಬರಬೇಕಿತ್ತು, ಬರಲಿಲ್ಲ. ಅಂದು ಚಾಡಿ ಹೇಳಿದ್ದಕ್ಕೆ ಒಂದು ಮಾತು. ಮಲ್ಲಾಜಿ ಕಾದಳು. ಹೊನ್ನಾಜಿ ಎದ್ದು ಒಲೆ ಹಚ್ಚಲು ಹೋದಳು.

ಮೂರನೇ ದಿನ ಗಾಳಿಯೂ ಬರಲಿಲ್ಲ, ನೀರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಡಿಕೆಯ ಆಚೆ ಯಾರೋ ಮೂಗಿನಲ್ಲಿ ಗುನುಗಿದರು. ಪದವಿಲ್ಲದ ಹಾಡು.

ಮಲ್ಲಾಜಿ ದೀಪ ಎತ್ತಿ ಹಿಡಿದಳು. ತಡಿಕೆ ತಾನಾಗಿ ಸರಿಯಿತು. ಅವ್ವ ನಿಂತಿದ್ದಳು. ಅದೇ ಸೀರೆ, ಸೊಂಟದಲ್ಲಿ ಅದೇ ಎಲೆಚೀಲ, ಬಾಯಿಯ ಮೂಲೆಯಲ್ಲಿ ಅದೇ ಕೆಂಪು.

"ಬಂದೆಯಾ, ನನ್ನ ಬಂಗಾರ" ಎಂದಳು ಅವ್ವ. "ನಿನ್ನನ್ನು ಕಳಿಸಿದ ದಿನದಿಂದ ನನಗೆ ನಿದ್ದೆಯಿಲ್ಲ. ನಿನ್ನ ತಪ್ಪೇನೂ ಇರಲಿಲ್ಲ, ಮಗಳೇ. ಇನ್ನು ಎಲ್ಲೂ ಹೋಗಬೇಡ. ಅವತ್ತು ಕೀಳದೆ ಉಳಿಸಿಕೊಂಡೆಯಲ್ಲ, ಆ ಕುಡಿಯನ್ನು ಮಾತ್ರ ಚಿವುಟಿಬಿಡು. ಆಮೇಲೆ ಈ ಮನೆ ನಿನ್ನದೇ."

ಹನ್ನೊಂದು ರೇವಿನ ಮೋಸಗಾರರನ್ನು ಮುಖ ನೋಡಿ ಗುರುತಿಸಿದವಳು ಮಲ್ಲಾಜಿ. ದೆವ್ವದ ಜೊತೆ ಪಗಡೆಯಾಡಿ ಗೆದ್ದವಳು. ಆದರೆ ಈ ಮಾತನ್ನು ಕೇಳಲು ಅವಳು ಇಪ್ಪತ್ತೆರಡು ವರ್ಷ ಕಾದಿದ್ದಳು. ಕಾದದ್ದು ಕೈಗೆ ಬಂದಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುವವರು ಯಾರು? ಅವಳ ಕಣ್ಣು ಮಂಜಾಯಿತು. ಕೈ ಚುಕ್ಕಿಬಳ್ಳಿಯ ಬುಡಕ್ಕೆ ಹೋಯಿತು. ಎರಡು ಬೆರಳ ನಡುವೆ ಕುಡಿ ಸಿಕ್ಕಿತು.

"ಕೈ ಕಟ್ಟು, ಮಲ್ಲಾಜಿ."

ಹೊನ್ನಾಜಿ ಹಿಂದೆ ನಿಂತಿದ್ದಳು, ಕೈಯಲ್ಲಿ ಒಲೆಯ ಊದುಗೊಳವೆ.

"ಅಕ್ಕ, ಅವ್ವ ಕಣೇ..."

"ನಮ್ಮವ್ವನ ಜೊತೆ ಬಾಳಿದವಳು ನಾನು. ಹದಿಮೂರು ವರ್ಷ ನಿನಗಿಂತ ಹೆಚ್ಚು. ಒಂದು ದಿನ ನನ್ನನ್ನ ಬಂಗಾರ ಅಂದಿಲ್ಲ. ಯಾರಿಗೂ ನಿನ್ನ ತಪ್ಪಿಲ್ಲ ಅಂದಿಲ್ಲ, ಬೆಕ್ಕಿಗೂ ಅಂದಿಲ್ಲ." ಹೊನ್ನಾಜಿ ಆ ಮುಖದ ಎದುರು ಹೋಗಿ ನಿಂತಳು. "ಏಯ್! ನಮ್ಮವ್ವ ಆಗಿದ್ದರೆ ಇಷ್ಟು ಹೊತ್ತಿಗೆ ಈ ದೀಪದ ಬತ್ತಿ ದಪ್ಪ ಆಯಿತು ಅಂತ ಬೈದಿರಬೇಕಿತ್ತು. ಎಲ್ಲಿ, ಬೈ ನೋಡೋಣ!"

ಅವ್ವನ ಮುಖಕ್ಕೆ ಬೈಯಲು ಬರಲಿಲ್ಲ. ಸಿಹಿಯಷ್ಟನ್ನೇ ಕಲಿತು ಬಂದಿತ್ತು ಅದು. ಬಾಯಿ ತೆರೆಯಿತು, ಮುಚ್ಚಿತು, ಕೆನ್ನೆ ಕೊಳೆತ ಎಲೆಯಂತೆ ಜಾರಿ ಬಿತ್ತು. ಒಳಗಿನಿಂದ ಕೊಳೆರಾಯ ಕಾಣಿಸಿಕೊಂಡ. ಕಾಲಿಲ್ಲ, ಮೂಳೆಯಿಲ್ಲ, ಬರೀ ಹಸಿವು. ಕೂಗುತ್ತ ಅವನು ಹಾರಿದ, ತಾಯಿಬಳ್ಳಿಯ ತುದಿಯ ಎಲೆಯ ಮೇಲೆ ಬಿದ್ದ. ಅದು ಅಂಗೈಯಗಲದ, ಕನ್ನಡಿಯಂಥ ಎಲೆ. ಬಳ್ಳಿಯಲ್ಲಿ ಉಳಿದಿದ್ದರಲ್ಲೇ ಚೆಂದದ್ದು. ಅವನ ಹಲ್ಲು ಒಳಗಿಳಿಯಿತು.

ಓಮದ ಘಾಟು ಭುಗಿಲೆಂದು ಎದ್ದಿತು. ಆಗ ತಾಯಿಬಳ್ಳಿ ಏಳು ತಲೆಮಾರಿನಿಂದ ಮರೆತಿದ್ದ ಕೆಲಸವನ್ನು ಮಾಡಿತು. ಅವನ ಹಲ್ಲು ನೆಟ್ಟ ಜಾಗದ ಸುತ್ತ ತನ್ನ ಮಾಂಸವನ್ನು ತಾನೇ ಸುಟ್ಟುಕೊಂಡಿತು. ತಿನ್ನಲು ಅಲ್ಲಿ ಜೀವವಿಲ್ಲದ ಹಾಗೆ, ದಾಟಲು ಅಲ್ಲಿ ಹಾದಿಯಿಲ್ಲದ ಹಾಗೆ. ಕಂದು ಉಂಗುರವೊಂದು ಎದ್ದು ಮೆಲ್ಲನೆ ಬಿಗಿಯತೊಡಗಿತು.

ಹೊನ್ನಾಜಿ ಚೀರಿ ಕೆನ್ನೆ ಹಿಡಿದುಕೊಂಡಳು. ಬಳ್ಳಿ ಸುಟ್ಟುಕೊಂಡದ್ದು ಅವಳ ಕೆನ್ನೆಯ ಮೇಲೂ ಸುಡುತ್ತಿತ್ತು. ಕಣ್ಣೆದುರು ಚೆಂದದ ಎಲೆ, ಎಲೆಯ ನಡುವೆ ಚುಕ್ಕಿ. ಚುಕ್ಕಿ ಕಂಡರೆ ಚಿವುಟು ಎಂದು ಮೂವತ್ತು ವರ್ಷ ಕಲಿತ ಹೆಬ್ಬೆರಳು ಎದ್ದು ನಿಂತಿತು. ಒಂದು ಚಿವುಟು, ಉರಿ ನಿಲ್ಲುತ್ತದೆ. ಒಂದು ಚಿವುಟು, ಉಂಗುರ ಒಡೆದು ಕೊಳೆರಾಯ ಹೊರಬರುತ್ತಾನೆ.

ಮಲ್ಲಾಜಿ ಬಾಯಿ ತೆರೆದಳು. ಹೇಳಬೇಕಾಗಲಿಲ್ಲ. ಹೊನ್ನಾಜಿ ಅವ್ವನ ಕಬ್ಬಿಣದ ಉಗುರನ್ನು ಹಲ್ಲಿನಿಂದ ಕಚ್ಚಿ ಕಳಚಿ ಉಗಿದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ತಂಗಿಯ ಮುಂದೆ ಚಾಚಿದಳು. "ಗಂಟು ಹಾಕೇ, ಬೇಗ! ಸಡಿಲ ಹಾಕಬೇಡ!"

ಗಂಟು ಬಿಗಿಯಿತು. ಉಂಗುರವೂ ಬಿಗಿಯಿತು. ರೂಪಾಯಿಯಷ್ಟಿದ್ದದ್ದು ಕಡಲೆಯಷ್ಟಾಯಿತು, ಕಡಲೆಯಷ್ಟಿದ್ದದ್ದು ಸಾಸಿವೆಯಷ್ಟಾಯಿತು. ಒಳಗಿನಿಂದ ಸೊಳ್ಳೆಯಂಥ ದನಿ ಕೇಳಿಸಿತು.

"ಬಿಡ್ರಮ್ಮ, ಉಸಿರು ಕಟ್ಟುತ್ತೆ!"

"ಸಾವಿರ ಬಳ್ಳಿ ತಿಂದವನೇ, ನಿನ್ನನ್ನ ಯಾಕೆ ಬಿಡಬೇಕು?" ಎಂದಳು ಮಲ್ಲಾಜಿ.

"ನಾನು ತಿಂದದ್ದಲ್ಲ, ನೀವು ಬಡಿಸಿದ್ದು! ಒಂದು ಕಾಲಕ್ಕೆ ಇಲ್ಲಿಯ ಎಲೆ ಎಲೆಯ ಮೇಲೂ ಚುಕ್ಕಿಯಿತ್ತು. ಒಂದೊಂದು ಚುಕ್ಕಿಯೂ ನಾನು ಸೋತ ಜಾಗ. ನಿಮ್ಮ ಮುತ್ತಜ್ಜಿಯರು ಏನು ಮಾಡಿದರು? ನನ್ನನ್ನು ಹಿಡಿಯಲು ಗೊತ್ತಿದ್ದ ಬಳ್ಳಿಗಳನ್ನೆಲ್ಲ ಹುಡುಕಿ ಹುಡುಕಿ ಕಿತ್ತರು. ಏನೂ ಗೊತ್ತಿಲ್ಲದ ಚೊಕ್ಕಟ ಮುಖಗಳನ್ನು ಉಳಿಸಿಕೊಂಡರು. ಬಾಗಿಲು ತೆಗೆದಿಟ್ಟು ಕಳ್ಳನನ್ನು ಬೈದರೆ ಹೇಗೆ?"

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು.

"ಕಳ್ಳನ ಬಾಯಲ್ಲಿ ನಿಜ ಕೇಳೋ ಹಾಗಾಯಿತು" ಎಂದಳು ಹೊನ್ನಾಜಿ. "ಮಲ್ಲಾಜಿ, ಸುಣ್ಣದ ಡಬ್ಬಿ ತಾ."

ಚುಕ್ಕಿಬಳ್ಳಿಯ ಒಂದು ಎಲೆ ಕೊಯ್ದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಆ ಸಾಸಿವೆಕಾಳಿನಷ್ಟು ಚುಕ್ಕಿಯ ಮುಂದೆ ಹಿಡಿದರು. ಕೊಳೆರಾಯ ವಾಸನೆಗೇ ಸೀನಿದ. ಬೇರೆ ದಾರಿಯಿರಲಿಲ್ಲ. "ಎಲ್ಲಿ ಬಳ್ಳಿ ಚುಕ್ಕಿಯಿಟ್ಟು ತಡೆಯುತ್ತದೋ ಅಲ್ಲಿ ನಿಲ್ಲುತ್ತೇನೆ, ಅಲ್ಲಿಂದ ಒಂದು ಕೂದಲೆಳೆಯೂ ಮುಂದೆ ಹೋಗೆನು" ಎಂದ, ಎಲೆಯನ್ನು ಕಚ್ಚಿದ. ಅಲ್ಲಿಗೆ ಅವನ ದನಿ ನಿಂತಿತು.

ಬೆಳಗಾಗುವಷ್ಟರಲ್ಲಿ ಸೀಮೆಯ ಮಾತುಗಳೆಲ್ಲ ಬಿಗಿಯಾದವು. ಹೊಳೆ ಒರಳನ್ನು ಇದ್ದಲ್ಲೇ ಇಟ್ಟು, ಕಳ್ಳಹೆಜ್ಜೆಯಲ್ಲಿ ದಡದೊಳಗೆ ಹೋಗಿ ಮಲಗಿತು. ಹುಲಿ ಹಳ್ಳ ದಾಟಿ ಆಚೆ ಹೋಗಿ ನಿಟ್ಟುಸಿರು ಬಿಟ್ಟಿತು. ಅಳಿಯಂದಿರು ಜಗಲಿಗಳ ಮೇಲೆ ದೊಪ್ಪನೆ ಬಂದು ಕೂತರು. ಬಡಗಿ ಅಗುಳಿ ಕಿತ್ತ. ಅರಸ ಎಲೆಮನೆಗೆ ಬಂದು, ಏಳು ತಲೆಮಾರಿನ ಕಟ್ಟಳೆಯನ್ನು ತೆಗೆದಿದ್ದೇನೆ ಎಂದ. ಅವನು ಹೋಗುವ ತನಕ ಹೊನ್ನಾಜಿ ತಲೆಬಗ್ಗಿಸಿ ನಿಂತು, ಹೋದ ಮೇಲೆ "ಸದ್ಯ, ಇವರ ಅಪ್ಪಣೆಗೆ ಕಾಯ್ತಿದ್ದಿದ್ದರೆ ಆಗ್ತಿತ್ತು" ಎಂದಳು. ಅವಳ ಮುಖ ಕೆಂಪೇರಿತ್ತು. ಎಡಗೆನ್ನೆಯ ಮೇಲೆ ಸಾಸಿವೆಯಷ್ಟು ಒಂದು ಮಚ್ಚೆ.

ಮಾತುಗಳೆಲ್ಲ ಬಿಗಿಯಾದವು ಎಂದೆನಲ್ಲ, ಮಲ್ಲಾಜಿಯದೂ ಬಿಗಿಯಾಯಿತು. ಜಗಲಿಯ ಮೇಲೆ ಕೂತವಳ ಹೆಬ್ಬೆರಳು ಮೆಲ್ಲಗೆ ಹೊರಳಿತು. ಆಮೇಲೆ ಪಾದ. ಅವಳು ಕಂಬ ಹಿಡಿದುಕೊಂಡಳು. ಕೈ ಜಾರಿತು. ಕಾಲು ಅವಳನ್ನು ಎತ್ತಿ ತಡಿಕೆಯ ತನಕ ತಂದಿತು.

"ಅಕ್ಕ..."

ಹೊನ್ನಾಜಿ ದೋಸೆ ಕಾವಲಿಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಎಲೆಮನೆಯ ಯಜಮಾನಿ ಬಾ ಎಂದರೆ ಸಾಕು, ಇಪ್ಪತ್ತೆರಡು ವರ್ಷದ ಮಾತು ತೀರುತ್ತಿತ್ತು. ಆದರೆ ಅವಳೂ ಕೆಂಪಾಜಿಯ ಮಗಳೇ. ಆ ಮನೆಯಲ್ಲಿ ಅಂಥ ಮಾತುಗಳು ಗಂಟಲಲ್ಲೇ ಕೂತು ಮುದಿಯಾಗುತ್ತಿದ್ದವು. ಮಲ್ಲಾಜಿಯ ಒಂದು ಕಾಲು ತಡಿಕೆ ದಾಟಿತು. ಎರಡನೆಯದು ಎದ್ದಿತು.

"ಅವತ್ತು ನಾನು ಹೇಳಬಾರದಿತ್ತು" ಎಂದಳು ಹೊನ್ನಾಜಿ, ಕಾವಲಿಗೆ. "ಮಂಚದ ಕೆಳಗಿಂದ ವಾಸನೆ ಬಂತು. ನಿನಗೊಂದು ಗುಟ್ಟು ಇದೆ, ನನಗಿಲ್ಲ ಅನ್ನಿಸಿತು. ಅಷ್ಟೇ ಇದ್ದದ್ದು." ಆಮೇಲೆ ತಿರುಗಿ, ಸೌಟು ಎತ್ತಿ, ಸಿಟ್ಟಿನಲ್ಲಿ ಕೂಗಿದಳು: "ದೋಸೆ ಆರಿ ತಣ್ಣಗಾಗ್ತಿದೆ, ಅಲ್ಲಿ ಏನು ನೃತ್ಯ? ಬಾ ಒಳಗೆ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಹಿಂದಕ್ಕೆ ಬಂತು. ನೆಲ ಮುಟ್ಟಿತು. ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಬಾರಿಗೆ ಅದು ಮಲ್ಲಾಜಿಯದೇ ಕಾಲಾಗಿತ್ತು. ಅವಳು ತಟ್ಟೆಯ ಮುಂದೆ ಕೂತಳು. ಬೆಲ್ಲ ಸುತ್ತಿದ ಒಂದು ಎಳೆ ಎಲೆ ತಟ್ಟೆಯ ಪಕ್ಕದಲ್ಲಿತ್ತು, ಕಚ್ಚಿ ಅರ್ಧ ಮಾಡಿದ್ದು. ಈ ಸಲ ಉಳಿದದ್ದು ದೊಡ್ಡ ಅರ್ಧ.

ಆಮೇಲೆ ಮಲ್ಲಾಜಿ ಎಲೆಮನೆಯಲ್ಲೇ ಕಾಲು ಮುರಿದುಕೊಂಡು ಕೂತಳು ಎಂದು ಹೇಳಿದರೆ ಸುಳ್ಳಾದೀತು. ಮಳೆ ಮುಗಿದರೆ ಹೊರಡುತ್ತಿದ್ದಳು, ಎಳೆ ಎಲೆಯ ಕಾಲಕ್ಕೆ ಬರುತ್ತಿದ್ದಳು. ಹೋಗುವಾಗ ಒಂದು ಕುಡಿ ಒಯ್ಯುತ್ತಿದ್ದಳು, ಬರುವಾಗ ಅದರ ಮೇಲೆ ಒಂದೆರಡು ಹೊಸ ಚುಕ್ಕಿ ತರುತ್ತಿದ್ದಳು. ಅವು ಘಾಟು ಬಿಟ್ಟು ಮಿಕ್ಕ ಬಳ್ಳಿಗಳಿಗೆ ಊರೂರಿನ ಸುದ್ದಿ ಹೇಳುತ್ತಿದ್ದವು. ಸಾವಿರ ಅಗಸೆ ಮರಕ್ಕೂ ಮತ್ತೆ ಬಳ್ಳಿ ಹಬ್ಬಿತು. ಹೊನ್ನಾಜಿ ಕಬ್ಬಿಣದ ಉಗುರನ್ನು ಹುಡುಕಿ ತೊಳೆದು ಮತ್ತೆ ತೊಟ್ಟಳು, ಈಗ ಯಾವುದನ್ನು ಚಿವುಟಬಾರದೆಂದು ಕಲಿಸಲು. ಬಳ್ಳಿಸೀಮೆಯಲ್ಲಿ ಮದುವೆಯ ತಾಂಬೂಲದ ಮೇಲೆ ಅಂದಿನಿಂದ ಒಂದು ಚುಕ್ಕಿ ಎಲೆ ಇರಲೇಬೇಕು. ಚೊಕ್ಕಟ ಎಲೆಯನ್ನೇ ಇಟ್ಟರೆ ಮುದುಕಿಯರು ಮೂಗು ಮುರಿದು ಕೇಳುತ್ತಾರೆ: "ಇದು ಇನ್ನೂ ಯಾರನ್ನೂ ಎದುರಿಸಿಲ್ಲ. ಇದರ ಮಾತು ನಂಬೋದು ಹೇಗೆ?"

ಹೀಗೆ ಅವರ ಬಾಯಿ ಕೆಂಪಗಿತ್ತು, ಮಾತು ಗಟ್ಟಿಯಿತ್ತು, ಬಾಗಿಲಿಗೆ ಅಗುಳಿಯಿರಲಿಲ್ಲ. ಕತೆ ಹೇಳಿದವಳಿಗೆ ಒಂದು ಎಲೆ, ಕೇಳಿದವರಿಗೆ ಅದರ ಮೇಲಿನ ಒಂದು ಚುಕ್ಕಿ.